ಲಿನಕ್ಸ್ ಕಲಿಕೆಗೆ ಕೊಠಡಿ ಒದಗಿಸಿ

ಮಾನ್ಯರೇ,

ರಾಯಚೂರಿನಲ್ಲಿ ವಿಂಡೋಸ್‌ಗೆ ಬದಲಾಗಿ ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ತಂತ್ರಾಂಶವನ್ನು ಹೊಸಬರಿಗೆ ಉಚಿತವಾಗಿ ಕಲಿಸುತ್ತಿರುವ ಸ್ವಯಂಸೇವಕರಿಗೆ ಕಾಯಂ ಜಾಗವೇ ಇಲ್ಲ. ಒಂದು ಭಾನುವಾರ ಒಬ್ಬರ ಮನೆ, ಮತ್ತೊಂದು ಭಾನುವಾರ ಯಾವುದೋ ಟ್ಯೂಷನ್ ಕೊಠಡಿ. ವಿದ್ಯುತ್ ಹೋದರೆ ಅಂದಿನ ಪಾಠ ಅಲ್ಲಿಗೇ ನಿಲ್ಲುತ್ತದೆ.

ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮುಂದಿನ ಆವೃತ್ತಿಯನ್ನು ತಾಳಿಕೊಳ್ಳದ ಹಳೆಯ ಲ್ಯಾಪ್‌ಟಾಪ್‌ಗಳನ್ನೇ ನಂಬಿಕೊಂಡ ವಿದ್ಯಾರ್ಥಿಗಳು ನಮ್ಮಲ್ಲಿ ಅನೇಕರಿದ್ದಾರೆ. ಉಬುಂಟು, ಮಿಂಟ್‌ನಂತಹ ಲಿನಕ್ಸ್ ಅಳವಡಿಸಿದರೆ ಅವು ಇನ್ನೂ ಕೆಲವು ವರ್ಷ ದುಡಿಯುತ್ತವೆ. ಪರವಾನಗಿ ಶುಲ್ಕವೂ ಇಲ್ಲ. ಆದರೆ ಮೊದಲ ದಿನದ ಅಂಜಿಕೆ ಕಳೆಯಲು ಪಕ್ಕದಲ್ಲಿ ಒಬ್ಬರು ಕುಳಿತಿರಬೇಕು. ಕಳೆದ ತಿಂಗಳು ಮಾನ್ವಿಯಿಂದ ಬಸ್ಸಿನಲ್ಲಿ ಬಂದಿದ್ದ ಪದವಿ ವಿದ್ಯಾರ್ಥಿನಿಯೊಬ್ಬಳ ಲ್ಯಾಪ್‌ಟಾಪ್‌ನಲ್ಲಿ ವೈಫೈ ಕೆಲಸ ಮಾಡುತ್ತಿರಲಿಲ್ಲ. ಸ್ವಯಂಸೇವಕರೊಬ್ಬರು ತಮ್ಮ ಮೊಬೈಲನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ಇಂಟರ್ನೆಟ್ ಕೊಟ್ಟರು. ಕೀಬೋರ್ಡ್ ಮಾತ್ರ ಮುಟ್ಟಲಿಲ್ಲ; ವೈಫೈ ಸಾಧನವನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಅಳವಡಿಸುವ ಒಂದೊಂದು ಆದೇಶವನ್ನೂ ಅರ್ಥ ಹೇಳಿ ಆಕೆಯಿಂದಲೇ ಟೈಪ್ ಮಾಡಿಸಿದರು. ವೈಫೈ ಬಂದ ಕೂಡಲೇ ಆಕೆ ಕೇಳಿದ್ದು, ಇದರಲ್ಲಿ ಕನ್ನಡ ಬರೆಯುವುದು ಹೇಗೆ ಎಂದು. ಅದನ್ನೂ ಕಲಿತೇ ಊರಿಗೆ ಹೋದಳು. ಇಷ್ಟು ತಾಳ್ಮೆಯಿಂದ ಕಲಿಸುವವರು ಹಣ ಕೊಟ್ಟರೂ ಸಿಗುವುದು ಕಷ್ಟ.

ನಗರದ ಸಾರ್ವಜನಿಕ ಗ್ರಂಥಾಲಯದಲ್ಲಾಗಲಿ, ಸರ್ಕಾರಿ ಕಾಲೇಜೊಂದರ ಕಂಪ್ಯೂಟರ್ ಪ್ರಯೋಗಾಲಯದಲ್ಲಾಗಲಿ ತಿಂಗಳಿಗೆ ಎರಡು ಭಾನುವಾರ ಇವರಿಗೆ ಯುಪಿಎಸ್ ಇರುವ ಕೊಠಡಿಯೊಂದನ್ನು ಬಿಟ್ಟುಕೊಡಲು ಜಿಲ್ಲಾಡಳಿತ ಮುಂದಾಗಬೇಕು. ತರಗತಿಯ ದಿನಾಂಕವನ್ನು ತಾಲ್ಲೂಕು ಕಾಲೇಜುಗಳ ಸೂಚನಾ ಫಲಕದಲ್ಲಿ ಹಾಕಿದರೆ ಸಿಂಧನೂರು, ದೇವದುರ್ಗದ ವಿದ್ಯಾರ್ಥಿಗಳೂ ಬರಬಹುದು.

— ಓದುಗ, ರಾಯಚೂರು