‘ಮಾನಿಟರಿ ಡಿಸ್ಪ್ಯೂಟ್’ ಅಲ್ಲ ಸ್ವಾಮಿ, ಮೀಟರ್ ಬಡ್ಡಿ

ಮಾನ್ಯ ಸಂಪಾದಕರೇ,

ನಮ್ಮ ವಾಟರ್ ಟ್ಯಾಂಕ್ ರಸ್ತೆಯ ಕೊಲೆಯ ಸುದ್ದಿ ನೀವೂ ಓದಿರುತ್ತೀರಿ. ಇಂಗ್ಲಿಷ್ ಪತ್ರಿಕೆಯೊಂದರ ಒಳಪುಟದಲ್ಲಿ, ಚಿನ್ನದಂಗಡಿ ಜಾಹೀರಾತಿನ ಪಕ್ಕ ಒಂದು ಮೂಲೆಯಲ್ಲಿ ಬಂದಿದೆ. ‘ಎ ಟೆಂಪೋ ಡ್ರೈವರ್ ವಾಸ್ ಅಲೆಜೆಡ್ಲಿ ಹ್ಯಾಕ್ಡ್ ಟು ಡೆತ್ ಬೈ ಬೈಕ್-ಬೋರ್ನ್ ಮಿಸ್ಕ್ರಿಯೆಂಟ್ಸ್ ಓವರ್ ಎ ಮಾನಿಟರಿ ಡಿಸ್ಪ್ಯೂಟ್.’ ಅಂದರೆ, ಹಣದ ತಕರಾರಿಗೆ ಬೈಕಿನಲ್ಲಿ ಬಂದ ದುಷ್ಕರ್ಮಿಗಳು ಟೆಂಪೋ ಡ್ರೈವರನ್ನು ಕಡಿದು ಕೊಂದರು ಎನ್ನಲಾಗಿದೆಯಂತೆ. ಕೆಳಗೆ, ‘ಜ್ಯೂರಿಸ್‌ಡಿಕ್ಷನಲ್ ಪೊಲೀಸ್’ ಕೇಸು ದಾಖಲಿಸಿದ್ದಾರಂತೆ, ‘ಫರ್ದರ್ ಇನ್ವೆಸ್ಟಿಗೇಷನ್ ಈಸ್ ಆನ್’ ಅಂತೆ. ಅಷ್ಟೇ. ಲೆಕ್ಕ ಚುಕ್ತಾ.

ಅಲೆಜೆಡ್ಲಿ, ‘ಎನ್ನಲಾಗಿದೆ’! ಹೆಣ ಬಿದ್ದಿದ್ದು ನನ್ನ ಅಂಗಡಿ ಮೆಟ್ಟಿಲ ಮುಂದೆ. ಆ ಮೆಟ್ಟಿಲು ತೊಳೆದವನು ನಾನು. ಕೊಂದವನು ಇವನೇ ಅಂತ ತೀರ್ಮಾನಿಸೋದು ಕೋರ್ಟಿನ ಕೆಲಸ, ಅಲ್ಲಿವರೆಗೆ ಅವನನ್ನು ಆರೋಪಿ ಅನ್ನಿ, ಬೇಡ ಅಂದವರು ಯಾರು? ಆದರೆ ಸತ್ತಿದ್ದೂ ಬರೀ ಆರೋಪವಾ?

ಅವತ್ತಿನಿಂದ ನಾನು ಪಡುತ್ತಿರುವ ಪಾಡು ಯಾವ ಪತ್ರಿಕೆಯಲ್ಲೂ ಬಂದಿಲ್ಲ, ಬರುವುದೂ ಇಲ್ಲ ಬಿಡಿ. ಅಂಗಡಿ ಮುಂದೆ ಹಳದಿ ಟೇಪು ಸುತ್ತಿದರು. ಹಾಲಿನ ಕ್ರೇಟುಗಳು ಹೊರಗೇ ಬಿಸಿಲಿಗೆ ಕೂತು ಒಡೆದವು. ಸಿಸಿಟಿವಿಯ ರೆಕಾರ್ಡಿಂಗ್ ಇರುವ ಡಿವಿಆರ್ ಪೆಟ್ಟಿಗೆ ಬಿಚ್ಚಿಕೊಂಡು ಹೋದರು, ಯಾವಾಗ ಕೊಡ್ತೀರಿ ಅಂದರೆ ‘ಕೋರ್ಟಲ್ಲಿ ಅರ್ಜಿ ಹಾಕ್ಕೊಳ್ಳಿ’ ಅಂತಾರೆ. ಮಹಜರಿಗೆ ಪಂಚರು ಬೇಕು ಅಂತ ನನ್ನ ಕೈಯಲ್ಲೇ ಸಹಿ ಹಾಕಿಸಿದರು. ಇನ್ನು ಕೇಸು ವಿಚಾರಣೆಗೆ ಬಂದಾಗ ನನಗೆ ಸಮನ್ಸು. ಅಂಗಡಿ ಬಾಗಿಲು ಹಾಕಿ ಕೋರ್ಟಿನ ಮೊಗಸಾಲೆಯಲ್ಲಿ ಕೂರಬೇಕು. ಟಿವಿಯವರ ವ್ಯಾನು ಅಡ್ಡ ನಿಂತು ನೀರಿನ ಟ್ಯಾಂಕರ್ ಒಳಗೆ ಬರಲಾಗದೆ ವಾಪಸ್ ಹೋಯಿತು. ಕತ್ತಲಾದ ಮೇಲೆ ಹೆಂಗಸರು, ಮಕ್ಕಳು ನಮ್ಮ ಅಂಗಡಿ ಕಡೆ ತಿರುಗಿಯೂ ನೋಡುವುದಿಲ್ಲ. ಬರುವವರು ‘ಇಲ್ಲೇನಾ?’ ಅಂತ ಕೇಳಿ, ಫೋಟೋ ಹೊಡ್ಕೊಂಡು, ಒಂದು ಬೆಂಕಿಪೊಟ್ಟಣವನ್ನೂ ಕೊಳ್ಳದೆ ಹೋಗುತ್ತಾರೆ.

ಇರಲಿ. ನನಗೆ ಹೊಟ್ಟೆ ಉರಿಯೋದು ಆ ‘ಮಾನಿಟರಿ ಡಿಸ್ಪ್ಯೂಟ್’ ನೋಡಿ. ಇಬ್ಬರು ಸಮಾನರು ಕೂತು ಲೆಕ್ಕದಲ್ಲಿ ಜಗಳ ಆಡಿದ ಹಾಗೆ ಬರೆದಿದ್ದಾರೆ. ಆಗಿದ್ದೇನು ಅಂತ ಇಡೀ ರಸ್ತೆಗೆ ಗೊತ್ತು. ಟೆಂಪೋ ಇಂಜಿನ್ ರಿಪೇರಿಗೆ ಅಂತ ಆ ಮನುಷ್ಯ ಸಾಲ ತೆಗೆದ. ಮೀಟರ್ ಬಡ್ಡಿ. ಕಟ್ಟಿದಷ್ಟೂ ಬಡ್ಡಿಗೇ ಹೋಯಿತು, ಅಸಲು ಅಲ್ಲೇ ಕೂತಿತ್ತು. ಮನೆ ಬಾಗಿಲಿಗೆ ಹುಡುಗರು ಬರತೊಡಗಿದರು. ಹೆಂಡತಿ ಠಾಣೆಗೆ ಹೋಗಿ ದೂರು ಕೊಟ್ಟಳು. ಅಲ್ಲಿ ಸಿಕ್ಕಿದ್ದು ಒಂದು ಹಿಂಬರಹ: ಇದು ಹಣಕಾಸಿನ ವಿಚಾರ, ಸಿವಿಲ್ ಕೋರ್ಟಿಗೆ ಹೋಗಿ.

ಹೆಚ್ಚಿನ ಬಡ್ಡಿ ವಸೂಲಿ ತಡೆಯೋಕೆ ಅಂತಲೇ ಈ ರಾಜ್ಯದಲ್ಲಿ 2004ರಿಂದ ಕಾಯ್ದೆ ಇದೆ. 2025ರ ಫೆಬ್ರವರಿಯಲ್ಲಿ ಸಾಲಗಾರರಿಗೆ ಕಿರುಕುಳ ಕೊಡುವವರ ಮೇಲೆ ಸುಗ್ರೀವಾಜ್ಞೆಯೂ ಬಂತು: 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ವಕೀಲರ ಆಫೀಸಿನಲ್ಲಿ ಕೆಲಸ ಮಾಡುವ ನನ್ನ ಮಗಳು ಇನ್ನೊಂದು ಹೇಳಿದಳು. ವಾರಂಟ್ ಇಲ್ಲದೆ ಹಿಡಿಯಬಹುದಾದಂಥ ಅಪರಾಧದ ದೂರು ಬಂದರೆ ಎಫ್‌ಐಆರ್ ಹಾಕಲೇಬೇಕು ಅಂತ 2013ರಲ್ಲೇ ಸುಪ್ರೀಂ ಕೋರ್ಟು ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಐವರು ನ್ಯಾಯಮೂರ್ತಿಗಳು ಕೂತು ಹೇಳಿದ ಮಾತು. ನಮ್ಮ ಠಾಣೆಗೆ ಇನ್ನೂ ತಲುಪಿಲ್ಲ, ಟ್ರಾಫಿಕ್ ಜಾಸ್ತಿ ಅಲ್ವಾ.

ಈಗ ವರದಿಗೆ ಬನ್ನಿ. ಕೊಲೆಯಾದ ಮೇಲೆ ಸತ್ತವನ ಹೆಂಡತಿ ಅತ್ತುಕೊಂಡು ಕನ್ನಡದಲ್ಲಿ ಹೇಳಿದಳು. ಬಡ್ಡಿಯವನ ಹೆಸರು, ಅವನ ಹುಡುಗರು ಏನಂದು ಬೈದರು, ಯಾವತ್ತು ಬಂದು ಬಾಗಿಲು ಒದ್ದರು, ಎಲ್ಲಾ ಹೇಳಿದಳು. ಠಾಣೆಯ ರೈಟರ್ ಅದನ್ನು ‘ಸದರಿ ಆಸಾಮಿಗಳು ಅವಾಚ್ಯ ಶಬ್ದಗಳಿಂದ ನಿಂದಿಸಿ, ಮಾರಕಾಸ್ತ್ರಗಳಿಂದ’ ಅಂತ ಬರೆದುಕೊಂಡರು. ಅದರಿಂದ ನಾಲ್ಕು ಸಾಲು ಪ್ರೆಸ್ ನೋಟಿಗೆ ಹೋಯಿತು. ಅದು ವರದಿಗಾರರ ಫೋನಿಗೆ, ಅಲ್ಲಿಂದ ಇಂಗ್ಲಿಷಿಗೆ. ಇಷ್ಟು ದೂರ ಹೋಗುವಷ್ಟರಲ್ಲಿ ಬಡ್ಡಿಯೂ ಇಲ್ಲ, ದೂರೂ ಇಲ್ಲ, ಹಿಂಬರಹವೂ ಇಲ್ಲ. ಪೊಲೀಸರು ಬಿಟ್ಟಿದ್ದನ್ನೆಲ್ಲ ಪತ್ರಿಕೆಯೂ ಬಿಟ್ಟಿತು. ಪೊಲೀಸರ ಮಾತನ್ನೇ ಇಸ್ತ್ರಿ ಮಾಡಿ ಹಾಕುವವರು ಪೊಲೀಸರನ್ನು ಪ್ರಶ್ನೆ ಕೇಳುವುದು ಹೇಗೆ? ವರದಿಗಾರ ಇಲ್ಲಿಗೆ ಬಂದಿದ್ದನ್ನು ನಾನಂತೂ ನೋಡಿಲ್ಲ. ಬಂದಿದ್ದರೆ ಒಂದು ಟೀ ಕೊಟ್ಟು ಎಲ್ಲಾ ಹೇಳ್ತಿದ್ದೆ.

ಇದೇ ಪತ್ರಿಕೆ ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಕೊಲೆಯಾದರೆ ಹೀಗೆ ಬರೆಯಲ್ಲ. ಆಗ ಸತ್ತವರು ಓದಿದ ಕಾಲೇಜು, ಕೆಲಸ ಮಾಡುತ್ತಿದ್ದ ಕಂಪನಿ, ಸಾಕಿದ ನಾಯಿ, ಅಕ್ಕಪಕ್ಕದ ಮನೆಯವರ ಕಣ್ಣೀರು, ಎಲ್ಲಾ ಬರುತ್ತದೆ. ಆ ತಣ್ಣಗಿನ ಇಂಗ್ಲಿಷು ನಮ್ಮಂಥವರು ಸತ್ತಾಗ ಮಾತ್ರ ಹೊರಬರುತ್ತದೆ. ಟೆಂಪೋದವನಿಗೆ ಹೆಸರು ಕೂಡ ಮೂರನೇ ಸಾಲಿನಲ್ಲಿ.

ಹೋದ ವರ್ಷ ಪಕ್ಕದ ಬೀದಿಯಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿಯ ಕೈ ಹಿಡಿದು ಎಳೆದಾಡಿದರು. ಅದೂ ‘ಔಟ್‌ರೇಜಿಂಗ್ ದಿ ಮಾಡೆಸ್ಟಿ’, ಅಂದರೆ ಮಾನಕ್ಕೆ ಕುಂದು ತರುವುದು, ಅಂತ ಬಂತು. ಆ ಮಗು ರಸ್ತೆಯಲ್ಲಿ ಕಿರುಚಿದ್ದು ಎಲ್ಲಿ, ಈ ಮಾತು ಎಲ್ಲಿ! 1860ರ ಐಪಿಸಿ 354ರಲ್ಲಿ ಬ್ರಿಟಿಷರು ಬರೆದಿಟ್ಟಿದ್ದು. 2024ರ ಜುಲೈ 1ರಿಂದ ಐಪಿಸಿ ಬದಲಿಗೆ ಭಾರತೀಯ ನ್ಯಾಯ ಸಂಹಿತೆ ಅಂತ ಭಾರೀ ಸದ್ದು ಮಾಡಿದರು. ಕೊಲೆಯ ಸೆಕ್ಷನ್ 302 ಹೋಗಿ 103 ಆಯಿತು, 354 ಹೋಗಿ 74 ಆಯಿತು. ಆ 74ರಲ್ಲೂ ಇಂಗ್ಲಿಷ್ ಮಾತು ಅದೇ. ನಂಬರ್ ಪ್ಲೇಟ್ ಬದಲಾಯಿಸೋಕೆ ದೆಹಲಿಯಲ್ಲಿ ಅಷ್ಟು ಜನ ಬೇಕಿತ್ತಾ?

ನಿಮ್ಮವರೂ ಕಮ್ಮಿ ಇಲ್ಲ ಸಂಪಾದಕರೇ, ಕೋಪ ಮಾಡ್ಕೋಬೇಡಿ. ‘ಕ್ಷುಲ್ಲಕ ಕಾರಣಕ್ಕೆ ಕೊಲೆ’ ಅಂತ ವಾರಕ್ಕೊಮ್ಮೆಯಾದರೂ ಹಾಕ್ತೀರಿ. ಕ್ಷುಲ್ಲಕ ಅಂತ ಹೇಳಿದವರು ಯಾರು? ಸತ್ತವನಂತೂ ಹೇಳಿರಲ್ಲ.

ಕೊಲೆ ನಡೆದ ಜಾಗದಲ್ಲಿ ಬೀದಿದೀಪ ಉರಿಯುತ್ತಿರಲಿಲ್ಲ ಅನ್ನೋದೂ ಯಾವ ವರದಿಯಲ್ಲೂ ಇಲ್ಲ. ಆ ಕಂಬದ ಬಗ್ಗೆ ನಾವು ಅರ್ಜಿ ಕೊಟ್ಟೂ ಕೊಟ್ಟೂ ಸಾಕಾಯಿತು, ಎಮ್ಮೆ ಮೇಲೆ ಮಳೆ ಸುರಿದ ಹಾಗೆ. ಮೊದಲು ಕಾರ್ಪೊರೇಟರ್ ಮನೆ ಮುಂದೆ ನಿಂತು ಗಲಾಟೆಯಾದರೂ ಮಾಡಬಹುದಿತ್ತು. 2020ರ ಸೆಪ್ಟೆಂಬರಿಗೆ ಅವರ ಅವಧಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. 2025ರಲ್ಲಿ ಬೆಂಗಳೂರನ್ನು ಐದು ಪಾಲಿಕೆ ಮಾಡಿದರು. ಐದರಲ್ಲಿ ನಮ್ಮ ಕಂಬ ಯಾವ ಎಂಜಿನಿಯರಿಗೆ ಸೇರಿದ್ದು ಅಂತ ಕೇಳಿದರೆ ಆಫೀಸಿನವರು ಒಬ್ಬರ ಮುಖ ಒಬ್ಬರು ನೋಡ್ತಾರೆ. ಆದರೆ ನನ್ನ ಅಂಗಡಿಯ ಟ್ರೇಡ್ ಲೈಸೆನ್ಸ್ ಒಂದು ದಿನ ತಡವಾಗಲಿ, ಯಾರಿಗೆ ಸೇರಿದ್ದು ಅಂತ ಎಲ್ಲರಿಗೂ ಗೊತ್ತಿರುತ್ತೆ. ಚರಂಡಿ ಅಗೆದು ಬಿಟ್ಟು ಹೋದವರ ವಿಷಯ ಇನ್ನೊಂದು ಪತ್ರದಲ್ಲಿ ಬರೆಯುತ್ತೇನೆ, ಅದು ದೊಡ್ಡ ಕಥೆ.

ಇಂಗ್ಲಿಷ್ ಪತ್ರಿಕೆಗೇ ಬರೆಯಬಹುದಿತ್ತಲ್ಲ ಅಂತೀರಿ. ಬರೆದರೆ ಅವರು ಇದನ್ನೂ ‘ಎ ರೆಸಿಡೆಂಟ್ ಎಕ್ಸ್‌ಪ್ರೆಸ್ಡ್ ಡಿಸ್‌ಪ್ಲೆಷರ್’, ನಿವಾಸಿಯೊಬ್ಬರು ಅಸಮಾಧಾನ ವ್ಯಕ್ತಪಡಿಸಿದರು, ಅಂತ ಮುಗಿಸ್ತಾರೆ.

ಆದ್ದರಿಂದ ಸಂಬಂಧಪಟ್ಟವರು ತಕ್ಷಣ ಗಮನ ಹರಿಸಬೇಕು. ಕೊಲೆಯನ್ನು ಕೊಲೆಯ ಹಾಗೆ ಬರೆಯಬೇಕು, ಬಡ್ಡಿಯವನನ್ನು ಬಡ್ಡಿಯವನು ಅನ್ನಬೇಕು. ಹಿಂಬರಹ ಕೊಟ್ಟವರ ಮೇಲೆ ಕ್ರಮ ಆಗಬೇಕು. ಕ್ರಮ ಅಂದರೆ ಪಕ್ಕದ ಠಾಣೆಗೆ ವರ್ಗಾವಣೆ ಅಲ್ಲ. ಕಂಬಕ್ಕೆ ಲೈಟು ಹಾಕಬೇಕು. ಇದೆಲ್ಲ ಆಗಲ್ಲ ಅಂತ ನನಗೂ ಗೊತ್ತು, ನಿಮಗೂ ಗೊತ್ತು. ಸಂಬಳ ತಗೊಳ್ಳುವವರಿಗೆ ನಾಚಿಕೆಯಾದರೂ ಇರಬೇಕಪ್ಪಾ, ಅದೂ ಇಲ್ಲ.

ನನ್ನ ಹೆಸರು ಹಾಕಬೇಡಿ. ಆ ಹುಡುಗರಲ್ಲಿ ಒಬ್ಬ ಇನ್ನೂ ‘ಅಬ್‌ಸ್ಕಾಂಡಿಂಗ್’, ಅಂದರೆ ತಲೆಮರೆಸಿಕೊಂಡಿದ್ದಾನಂತೆ. ನೆನ್ನೆ ಅವನು ಬೇಕರಿ ಹತ್ತಿರ ಬೈಕ್ ನಿಲ್ಲಿಸಿಕೊಂಡಿದ್ದನ್ನು ರಸ್ತೆಯವರೆಲ್ಲಾ ನೋಡಿದ್ದಾರೆ.

ಇಂತಿ,
ವಾಟರ್ ಟ್ಯಾಂಕ್ ರಸ್ತೆಯ ಅಂಗಡಿಯವನು
ಬೆಂಗಳೂರು