ಮನೆಗಳನ್ನು ಎಣಿಸಿದ ಕಾದಂಬರಿಕಾರ: ಯುವ ಬರಹಗಾರನಿಗೊಂದು ಪತ್ರ

ಪ್ರೀತಿಯ ತಮ್ಮ,

ಆಶೀರ್ವಾದಗಳು. ನಿನ್ನ ಕಾಗದ ತಲುಪಿತು. ಜೊತೆಗಿದ್ದ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಬಡತನದ ಕಥೆಗಳನ್ನು ಈಗ ಯಾರು ಓದುತ್ತಾರೆಂದು ಪ್ರಕಾಶಕರೊಬ್ಬರು ಅದನ್ನು ಹಿಂದಿರುಗಿಸಿದ ಸಂಗತಿಗೆ ಸಮಾಧಾನ ಹೇಳುವ ಬದಲು ಜರ್ಮನ್ ಕಾದಂಬರಿಕಾರ ಹೈನ್ರಿಶ್ ಬೋಲ್‌ನ ವಿಷಯ ಬರೆಯುತ್ತೇನೆ.

1917ರಲ್ಲಿ ಕಲೋನ್ ನಗರದ ಬಡಗಿಯೊಬ್ಬನ ಮನೆಯಲ್ಲಿ ಹುಟ್ಟಿದ ಬೋಲ್, ಹಿಟ್ಲರನ ಯುವದಳಕ್ಕೆ ಸೇರಲು ಒಪ್ಪದಿದ್ದರೂ 1939ರಲ್ಲಿ ಸೇನೆಗೆ ಹೋಗಲೇಬೇಕಾಗಿ ಬಂದು, ಫ್ರಾನ್ಸಿನಿಂದ ರಷ್ಯಾದವರೆಗೆ ಸಿಪಾಯಿಯಾಗಿ ಅಲೆದು, ಹಲವು ಬಾರಿ ಗಾಯಗೊಂಡು, 1945ರಲ್ಲಿ ಅಮೆರಿಕನ್ನರ ಸೆರೆಯಾಳಾದ. ಬಿಡುಗಡೆಯಾಗಿ ಬಂದಾಗ ಅವನ ಊರು ಇಟ್ಟಿಗೆಯ ರಾಶಿಯಾಗಿತ್ತು. ಆ ವರ್ಷ ಹುಟ್ಟಿದ ಮೊದಲ ಮಗು ಆ ವರ್ಷವೇ ತೀರಿಕೊಂಡಿತು.

ಅಂಥ ಊರಿಗೆ ಮರಳುವ ಸೈನಿಕನ ಬಗ್ಗೆ 1950ರ ಸುಮಾರಿಗೆ ಅವನು ‘ದೇವದೂತ ಮೌನವಾಗಿದ್ದ’ ಎಂಬ ಕಾದಂಬರಿ ಬರೆದ. ಯುದ್ಧದ ಮಾತು ಯಾರಿಗೂ ಬೇಡವಾಗಿದ್ದ ಕಾಲ, ಪುಸ್ತಕ ಹೊರಬರಲಿಲ್ಲ. ಅದು ಅಚ್ಚಾದದ್ದು 1992ರಲ್ಲಿ, ಅವನು ತೀರಿಕೊಂಡು ಏಳು ವರ್ಷಗಳಾದ ಮೇಲೆ. ಎದೆಗುಂದಬೇಡ, ಅವನಂತೂ ಕೊರಗುತ್ತ ಕೂರಲಿಲ್ಲ; ಅದರ ತುಣುಕುಗಳನ್ನು ಬೇರೆ ಬರಹಗಳಿಗೆ ಬಳಸಿಕೊಂಡ. ಸಂಸಾರ ನಡೆಯಬೇಕಲ್ಲ, ನಗರದ ಅಂಕಿಅಂಶ ಕಚೇರಿಯಲ್ಲಿ ತಾತ್ಕಾಲಿಕ ನೌಕರಿ ಹಿಡಿದು ಮನೆಗಳ ಗಣತಿಯ ಕೆಲಸವನ್ನೂ ಮಾಡಿದ.

1953ರಲ್ಲಿ ಬಂದ ‘ಒಂದೇ ಒಂದು ಮಾತನ್ನೂ ಆಡಲಿಲ್ಲ’ ಕಾದಂಬರಿಯನ್ನು ನೀನು ಓದಲೇಬೇಕು. ಒಂದೇ ಕೋಣೆಯಲ್ಲಿ ಮಕ್ಕಳೊಂದಿಗೆ ಇರಲಾರದೆ ಗಂಡ ಮನೆ ಬಿಟ್ಟಿದ್ದಾನೆ. ಹೆಂಡತಿಯೊಡನೆ ಒಂದು ರಾತ್ರಿ ಕಳೆಯಲು ಅಗ್ಗದ ಹೋಟೆಲಿನ ಕೋಣೆ ಬೇಕು, ಅದರ ಬಾಡಿಗೆಗಾಗಿ ಅವನು ಸಾಲ ಕೇಳುತ್ತ ಊರೆಲ್ಲ ತಿರುಗುತ್ತಾನೆ. ಗಣತಿಯ ಕಾಗದಗಳಿಂದಲೇ ಆ ಕಾದಂಬರಿ ಹುಟ್ಟಿತೆಂದು ನಾನು ಹೇಳಲಾರೆ. ಆದರೆ ಸೂರಿಲ್ಲದೆ ದಾಂಪತ್ಯ ಸವೆಯುವುದನ್ನು ಅವನು ಕೋಣೆ ಮತ್ತು ಬಾಡಿಗೆಯ ಲೆಕ್ಕದಲ್ಲೇ ತೋರಿಸಿಬಿಡುತ್ತಾನೆ. ಎರಡು ವರ್ಷದ ನಂತರದ ಕಿರುಕಾದಂಬರಿಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ರಿಪೇರಿಯಿಂದ ಈಗ ಕೈತುಂಬ ಸಂಪಾದಿಸುವ ತರುಣನೊಬ್ಬ, ಹಸಿದಿದ್ದ ದಿನಗಳಲ್ಲಿ ತನಗೆ ಬ್ರೆಡ್ಡು ಕೊಟ್ಟವರು ಯಾರು, ಕೊಡದವರು ಯಾರು ಎಂಬುದನ್ನು ಇನ್ನೂ ಮರೆತಿಲ್ಲ.

ತನ್ನ ಪೀಳಿಗೆಯ ಬರಹವನ್ನು ‘ಅವಶೇಷಗಳ ಸಾಹಿತ್ಯ’ವೆಂದು ಹೀಗಳೆದವರಿಗೆ ಅವನು 1952ರ ಪ್ರಬಂಧವೊಂದರಲ್ಲಿ ಉತ್ತರಿಸಿದ: ಆ ಹೆಸರನ್ನೇ ಒಪ್ಪಿಕೊಂಡು, ಬರಹಗಾರನಿಗೆ ಒಳ್ಳೆಯ ಕಣ್ಣು ಬೇಕೆಂದು ವಾದಿಸಿ, ಇಂಗ್ಲಿಷ್ ಕಾದಂಬರಿಕಾರ ಡಿಕನ್ಸ್‌ನನ್ನು ಸಾಕ್ಷಿಗೆ ಕರೆದ. ನೊಬೆಲ್ ಬಂದದ್ದು 1972ರಲ್ಲಿ. ಆ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಬಿಡು.

ನಿನ್ನ ವಸ್ತುವಿನ ವಿಷಯದಲ್ಲಿ ಆ ಪ್ರಕಾಶಕರು ಹೇಳಿದ್ದು ತಪ್ಪು. ಆದರೆ ಹಸ್ತಪ್ರತಿ ಇನ್ನೂ ಮಾಗಿಲ್ಲ ಎಂಬುದೂ ನಿಜ. ‘ಹಸಿವು’ ಎಂಬ ಪದ ಪುಟಪುಟಕ್ಕೂ ಬರುತ್ತದೆ, ಅಕ್ಕಿಯ ಬೆಲೆ ಒಮ್ಮೆಯೂ ಬರುವುದಿಲ್ಲ. ಮೂರನೆಯ ಅಧ್ಯಾಯದಲ್ಲಿ ಅವ್ವ ನ್ಯಾಯಬೆಲೆ ಅಂಗಡಿಯ ಮುಂದೆ ಕಾಯುವ ಭಾಗವನ್ನು ಮತ್ತೆ ಬರೆದು ಕಳುಹಿಸು. ಆ ದಿನ ಅವಳ ಸೆರಗಿನ ಗಂಟಿನಲ್ಲಿ ಎಷ್ಟು ದುಡ್ಡಿತ್ತು?

ನಿನ್ನ ಹಿತೈಷಿ