ಹೆಸರು ಹೇಳಲೊಪ್ಪದ ಅಕ್ಕನವರಿಗೆ

ರಾಯಚೂರು ರೈಲು ನಿಲ್ದಾಣದ ಹೊರಗೆ ಮಲಗುತ್ತಿದ್ದ ತಾಯಿಯೊಬ್ಬಳಿಗೆ ದಿನ ತುಂಬುವ ಮೊದಲೇ ಹುಟ್ಟಿದ ಕೂಸಿನ ಒಂದು ತಪಾಸಣೆಯೂ ತಪ್ಪದಂತೆ ನೋಡಿಕೊಂಡ ಅಕ್ಕನವರಿಗೆ, ಅಲ್ಲಿನ ಅಂಗಡಿಯವರೆಲ್ಲರ ಪರವಾಗಿ ಈ ಕೃತಜ್ಞತೆ.

ಆಶಾ ಕಾರ್ಯಕರ್ತೆಯರು 42 ದಿನಗಳವರೆಗೆ ಬಾಣಂತಿಯ ಮನೆಗೆ ಬಂದು ಕೂಸನ್ನು ನೋಡುವ ವ್ಯವಸ್ಥೆಯಿದೆ. ಆದರೆ ಮನೆಯೇ ಇಲ್ಲದವಳನ್ನು ಅವರಾದರೂ ಎಲ್ಲಿ ಹುಡುಕಬೇಕು? ತಾಯಿ ಕಾರ್ಡಿನಲ್ಲಿ ವಿಳಾಸದ ಜಾಗಕ್ಕೆ ನಮ್ಮ ಚಹಾದಂಗಡಿಯನ್ನೂ ನನ್ನ ಫೋನ್ ಸಂಖ್ಯೆಯನ್ನೂ ನೀವು ಬರೆಯಿಸಿದ ಮೇಲೆಯೇ ಆ ತೊಡಕು ಬಿಡಿಸಿಕೊಂಡಿತು.

34 ವಾರ ತುಂಬುವ ಮುಂಚೆ ಅಥವಾ 2 ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಮಕ್ಕಳಿಗೆ 30 ದಿನಗಳೊಳಗೆ ಅಕ್ಷಿಪಟಲದ ಪರೀಕ್ಷೆಯಾಗಬೇಕೆಂದೂ, ಹೊರಗಿನಿಂದ ಕಣ್ಣು ಚೆನ್ನಾಗಿಯೇ ಕಂಡರೂ ಒಳಗೆ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ದೃಷ್ಟಿ ಹೋಗಬಹುದೆಂದೂ ನೀವು ಹೇಳದಿದ್ದರೆ ನಮ್ಮಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ನಮ್ಮೂರಿನ ಬಿಸಿಲಿನಲ್ಲಿ ಚಳಿಯ ಮಾತೇಕೆ ಎಂದು ನಕ್ಕವರ ಮುಂದೆಯೇ, ಕೂಸನ್ನು ಬರಿಮೈಯಲ್ಲಿ ತಾಯಿಯ ಎದೆಗೆ ಒತ್ತಿ, ತಲೆಗೆ ಟೊಪ್ಪಿಗೆ ಹಾಕಿ, ಹಳೆಯ ಸೀರೆಯಿಂದ ಕಟ್ಟುವುದನ್ನು ತೋರಿಸಿಕೊಟ್ಟಿರಿ. ಬೆಳವಣಿಗೆಯನ್ನು ಹುಟ್ಟಿದ ದಿನದಿಂದಲ್ಲ, ಹೆರಿಗೆಯಾಗಬೇಕಿದ್ದ ದಿನದಿಂದ ಲೆಕ್ಕ ಹಾಕಬೇಕೆಂದ ನಿಮ್ಮ ಮಾತಿನಿಂದ, ಕೂಸು ಇನ್ನೂ ಕತ್ತು ನಿಲ್ಲಿಸಿಲ್ಲವೆಂದು ಅಳುತ್ತಿದ್ದ ತಾಯಿ ಸಮಾಧಾನಗೊಂಡಳು.

ಕಣ್ಣಿನ ಪರೀಕ್ಷೆ ಮುಗಿದಿದೆ, ಕಬ್ಬಿಣಾಂಶದ ಹನಿ ನಡೆಯುತ್ತಿದೆ. ಕಿವಿಯ ಪರೀಕ್ಷೆಗೆ ಕರೆದೊಯ್ಯುವ ಹೊಣೆಯನ್ನು ನಾವು ಹೊತ್ತಿದ್ದೇವೆ.